ಕುರಿಹಿಂಡಿಗೊಬ್ಬ ರಿಸೀವರ್

ಬೇಸಿಗೆ ರಜೆಗೆಂದು ಕೋರ್ಟು ಮುಚ್ಚುವ ದಿನ, ಎಲ್ಲರೂ ಕಡತ ಕಟ್ಟಿ ಮನೆಯ ದಾರಿ ನೋಡುತ್ತಿದ್ದಾಗ, ನನ್ನನ್ನು ಒಂದು ಕುರಿಹಿಂಡಿನ ರಿಸೀವರ್ ಎಂದು ನೇಮಿಸಿದರು. ಜಮಖಂಡಿಯ ಸಿವಿಲ್ ಕೋರ್ಟಿನಲ್ಲಿ ನಾನಾಗ ಎಲ್ಲರಿಗಿಂತ ಕಿರಿಯ ವಕೀಲ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ಬಹಳ ವರ್ಷಗಳಾಗಿರಲಿಲ್ಲ. ಕೋರ್ಟಿನ ಗೋಡೆಯ ಮೇಲೆ ಅರಸರ ಪಟ ಇದ್ದ ಜಾಗ ಇನ್ನೂ ಚೌಕಾಗಿ ಬೆಳ್ಳಗೆ ಕಾಣುತ್ತಿತ್ತು.

ಜಗಳದಲ್ಲಿರುವ ಆಸ್ತಿ ತೀರ್ಪು ಬರುವವರೆಗೆ ಹಾಳಾಗಬಾರದೆಂದು ಕೋರ್ಟು ತನ್ನ ಪರವಾಗಿ ಒಬ್ಬನನ್ನು ಅದರ ಮೇಲೆ ಕೂರಿಸುತ್ತದೆ. ಅವನೇ ರಿಸೀವರ್. ಅಷ್ಟು ದಿನ ಆ ಆಸ್ತಿ ವಾದಿಯದಲ್ಲ, ಪ್ರತಿವಾದಿಯದಲ್ಲ, ಕೋರ್ಟಿನದು. ಹಾಳಾದರೆ ಉತ್ತರ ಹೇಳಬೇಕಾದವನು ಮಾತ್ರ ರಿಸೀವರ್. ಜಿನ್ನಿಂಗ್ ಕಾರಖಾನೆಗೆ, ತೋಟಕ್ಕೆ, ಬೀಗ ಬಿದ್ದ ವಾಡೆಗೆ ರಿಸೀವರ್ ಆದವರನ್ನು ನೋಡಿದ್ದೆ. ನಡೆದಾಡುವ ಆಸ್ತಿಗೆ ರಿಸೀವರ್ ಆದವರನ್ನು ಕಂಡಿರಲಿಲ್ಲ.

ವಾದಿ ಒಬ್ಬ ವಿಧವೆ, ಕುರಿಗಾರರ ಮನೆಯ ಸೊಸೆ. ಪ್ರತಿವಾದಿ ಅವಳ ಗಂಡನ ಅಣ್ಣ. ಅಣ್ಣತಮ್ಮಂದಿರಿಗೆ ಒಂದೇ ಹಿಂಡು ಇತ್ತು. ತಮ್ಮ ಹಿಂದಿನ ಚಳಿಗಾಲದಲ್ಲಿ ಜ್ವರದಿಂದ ತೀರಿಕೊಂಡಿದ್ದ. ಯುಗಾದಿಯ ನಂತರ ಅಣ್ಣ ಹತ್ತು ಟಗರು ಸಂತೆಗೆ ಹೊಡೆದುಕೊಂಡು ಹೋಗಿ ಮಾರಿ ಬಂದ. ಹೀಗೇ ಬಿಟ್ಟರೆ ಹಿಂಡನ್ನೇ ಮುಗಿಸುತ್ತಾನೆ, ಮಾರಾಟ ನಿಲ್ಲಿಸಿ ಪಾಲು ಬೇರೆ ಮಾಡಿಕೊಡಿ ಎಂದು ಅವಳ ದಾವೆ. ರಿಸೀವರ್ ಯಾರಾಗಬೇಕೆಂಬ ಬಗ್ಗೆ ಎರಡೂ ಕಡೆಯ ವಕೀಲರು ಒಂದು ಗಂಟೆ ಜಗಳಾಡಿದರು. ಕೊನೆಗೆ ಇಬ್ಬರೂ ನನ್ನ ಹೆಸರಿಗೆ ಒಪ್ಪಿದರು. ನನಗೆ ಕುರಿಯ ಗಂಧಗಾಳಿ ಇಲ್ಲವೆಂಬುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ.

ನಾನು ಬನಹಟ್ಟಿಯ ನೇಕಾರರ ಮನೆಯವನು. ರಿಸೀವರನಾಗುವವನು ಜಾಮೀನು ಬರೆದುಕೊಡಬೇಕು. ನನ್ನ ಹತ್ತಿರ ಕರಿ ಕೋಟು ಬಿಟ್ಟರೆ ಏನೂ ಇರಲಿಲ್ಲ. ಅಪ್ಪ ಮನೆಯನ್ನೂ ಅದರೊಳಗಿನ ನಾಲ್ಕು ಮಗ್ಗಗಳನ್ನೂ ಬರೆದುಕೊಟ್ಟರು. ರುಜು ಮಾಡುವ ಮುಂಚೆ ಒಂದೇ ಮಾತು ಕೇಳಿದರು: "ಕುರಿ ಸತ್ರ ಮಗ್ಗ ಹೋಗ್ತಾವಂದಂಗಾತು?" ಹೌದೆಂದೆ. "ಹಂಗಂದ್ರ ಕುರೀನ ಮಗ್ಗದಂಗ ನೋಡ್ಕೋ" ಎಂದು ರುಜು ಹಾಕಿದರು.

ಮರುದಿನ ಕೋರ್ಟಿನ ಹುಕುಮು ಜಾರಿ ಮಾಡುವ ಬೇಲಿಫನನ್ನು ಕರೆದುಕೊಂಡು ಹಿಂಡನ್ನು ವಶಕ್ಕೆ ತೆಗೆದುಕೊಳ್ಳಲು ಹೋದೆ. ದಿನಾ ಹೋಗಿ ನೋಡಲು ಅನುಕೂಲವಾಗಲೆಂದು ಬನಹಟ್ಟಿಯ ಹೊರಗೆ ಬಾವಿ ಇರುವ, ಕಪ್ಪು ಜಿಗುಟು ಮಣ್ಣಿನ ಒಂದು ಎರೆಹೊಲವನ್ನು ಗೊತ್ತುಮಾಡಿದ್ದೆ. ಗೊಬ್ಬರದ ಆಸೆಗೆ ಹೊಲದವನು ಸಂತೋಷದಿಂದ ಒಪ್ಪಿದ್ದ. ಹಿಂಡು ಬಂತು. ಹಿಂದೆ ಪ್ರತಿವಾದಿ, ಐವತ್ತು ದಾಟಿದ ಎತ್ತರದ ಮನುಷ್ಯ, ಹೆಗಲ ಮೇಲೆ ಕರಿ ಕಂಬಳಿ. ಅವನ ಕಾಲ ಬಳಿ ಸೊರಗಿದಂತೆ ಕಾಣುವ, ಆದರೆ ಬಿಟ್ಟರೆ ಬಾಣದಂತೆ ಓಡುವ ಒಂದು ಕರಿ ನಾಯಿ. ಬೇರೆ ದಾರಿಯಲ್ಲಿ ತಟ್ಟುಗುದುರೆಯ ಮೇಲೆ ಬಲೆಚೀಲದಲ್ಲಿ ಎಳೆಮರಿಗಳನ್ನು ಹೇರಿಕೊಂಡು ವಾದಿ ಬಂದಳು. ದಾವೆ ಹೂಡಿದ್ದರೂ ಮರಿ ನೋಡುವ ಕೆಲಸವನ್ನು ಅವಳು ಬಿಟ್ಟಿರಲಿಲ್ಲ.

ಒಟ್ಟು ಕುರಿ ಎಷ್ಟು ಎಂದು ಪ್ರತಿವಾದಿಯನ್ನು ಕೇಳಿದೆ.

"ಅದಾವ್ರಿ" ಎಂದ.

"ಎಷ್ಟು ಅದಾವು?"

"ಎಣಿಸಿದ ಕುರಿ ಹೆಚ್ಚೂದಿಲ್ಲರಿ ಸಾಹೇಬ್ರ. ನಮ್ಮ ಅಪ್ಪನೂ ಎಣಿಸಿಲ್ಲ, ನಾನೂ ಎಣಿಸಿಲ್ಲ. ಯಾವುದು ಇಲ್ಲಂತ ಕೇಳ್ರಿ, ಹೇಳ್ತೀನಿ."

ಪಂಚನಾಮೆಯಲ್ಲಿ 'ಇಲ್ಲದ್ದು' ಬರೆಯುವ ಕಾಲಮು ಇರಲಿಲ್ಲ. ಬೇಲಿಫ ಎಣಿಸಿದ, ನೂರಾ ಎಂಬತ್ತೇಳು. ನಾನು ಮಗ್ಗದ ಹಾಸಿನ ಉದ್ದೆಳೆ ಎಣಿಸುವಂತೆ ಇಪ್ಪತ್ತಕ್ಕೊಂದು ಗಂಟು ಹಾಕುತ್ತ ನೂಲಿನ ಮೇಲೆ ಎಣಿಸಿದೆ, ನೂರಾ ತೊಂಬತ್ತೊಂದು. ಮತ್ತೆ ಎಣಿಸಿದರೆ ನೂರಾ ಎಂಬತ್ತೊಂಬತ್ತು. ನೂಲು ನಿಂತಲ್ಲಿ ನಿಲ್ಲುತ್ತದೆ, ಕುರಿ ನಿಲ್ಲುವುದಿಲ್ಲ. ಮಧ್ಯದ ಸಂಖ್ಯೆಯನ್ನೇ ಬರೆದು ಕೆಳಗೆ ರುಜು ಹಾಕಿದೆ. ಪ್ರತಿವಾದಿ ಒಮ್ಮೆ ಹಿಂಡಿನ ಮೇಲೆ ಕಣ್ಣಾಡಿಸಿ, "ಎಲ್ಲಾ ಅದಾವು" ಎಂದು ಬಾವಿಯ ಕಡೆ ಹೋದ.

ಇಂಥ ಮನುಷ್ಯ ರಾತ್ರೋರಾತ್ರಿ ಒಳ್ಳೆಯ ಕುರಿ ತೆಗೆದು ಬಡಕಲು ಕುರಿ ಸೇರಿಸಿದರೆ ನನಗೆ ಗೊತ್ತಾಗುವುದು ಹೇಗೆ? ವಾಡೆಯಾಗಿದ್ದರೆ ಬೀಗಕ್ಕೆ ಅರಗಿನ ಮುದ್ರೆ ಒತ್ತಿ ಬರುತ್ತಿದ್ದೆ. ಕುರಿಗೂ ಮುದ್ರೆ ಬೇಕೆಂದು ಯೋಚಿಸಿ, ಒಂದು ಡಬ್ಬಿ ಕೆಂಪು ಎಣ್ಣೆಬಣ್ಣ ತರಿಸಿ, ಪ್ರತಿಯೊಂದರ ಬೆನ್ನಿಗೂ ಅಂಗೈಯಗಲ ಹಚ್ಚಿಸಲು ಶುರುಮಾಡಿದೆ. ದೊಡ್ಡವು ಮುಗಿದು ಮರಿಗಳ ಸರದಿ ಬಂದಾಗ ವಾದಿ ಎದ್ದು ಬಂದಳು.

"ಮರಿಗಿ ಹಚ್ಚಬ್ಯಾಡ್ರಿ ಸಾಹೇಬ್ರ."

"ಇದು ನಿನ್ನ ಹಕ್ಕು ಕಾಪಾಡಲಿಕ್ಕೇ ಮಾಡುತ್ತಿರುವುದು" ಎಂದೆ.

"ಆತಲ್ರಿ. ಮರಿಗಿ ಬ್ಯಾಡ್ರಿ."

ಯಾಕೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ಒಬ್ಬರ ಮಾತಿಗೆ ಬಗ್ಗಿದರೆ ಇನ್ನೊಬ್ಬರು ಆಕ್ಷೇಪ ತೆಗೆಯುತ್ತಾರೆಂದು ನನ್ನ ತಲೆಯಲ್ಲಿ ಕುಳಿತಿತ್ತು. ಇಪ್ಪತ್ತಾರು ಮರಿಗಳಿಗೂ ಬಣ್ಣ ಹಚ್ಚಿಸಿ, ಕೈ ತೊಳೆದು, ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ.

ಬೆಳಿಗ್ಗೆ ಹೋಗುವಾಗ ಅರ್ಧ ಮೈಲಿ ದೂರದಿಂದಲೇ ಮರಿಗಳ ಕೂಗು ಕೇಳಿತು. ತಾಯಿ ಕುರಿಗಳು ಒಂದೊಂದೂ ತನ್ನ ಮರಿಯನ್ನು ಮೂಸಿ ನೋಡಿ ತಲೆಯಿಂದ ಗುದ್ದಿ ಆಚೆ ನೂಕುತ್ತಿದ್ದವು. ಕುರಿ ತನ್ನ ಮರಿಯನ್ನು ಗುರುತಿಸುವುದು ಮೂಗಿನಿಂದ. ಬಣ್ಣದ ವಾಸನೆ ಹೊಡೆದು ಇಪ್ಪತ್ತಾರೂ ಮರಿಗಳು ಒಂದೇ ರಾತ್ರಿಯಲ್ಲಿ ಪರದೇಶಿಗಳಾಗಿದ್ದವು. ಸೀಮೆಎಣ್ಣೆ ಹಾಕಿ ಒರೆಸಿದರಾದೀತೇ ಎಂದು ಬೇಲಿಫ ಕೇಳಿದ. ವಾದಿ ಅವನ ಕೈಯಿಂದ ಸೀಸೆ ಕಸಿದುಕೊಂಡು ದೂರ ಇಟ್ಟಳು. ನನಗೆ ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮುಂದಿನ ಎಂಟು ದಿನ ಕೋರ್ಟಿನ ಕೆಲಸವೆಂದರೆ ಇದೇ. ಬಣ್ಣ ಹತ್ತಿದ ಉಣ್ಣೆಯನ್ನು ಕತ್ತರಿಯಿಂದ ಬುಡಮಟ್ಟ ಕತ್ತರಿಸುವುದು. ಆ ಜಾಗಕ್ಕೆ ಅದೇ ತಾಯಿಯ ಹಾಲು ಹಿಂಡಿ ತಿಕ್ಕುವುದು. ತಾಯಿಯನ್ನೂ ಮರಿಯನ್ನೂ ಒಂದೇ ಇಕ್ಕಟ್ಟು ಹಟ್ಟಿಯಲ್ಲಿ ಕೂಡಿ, ತಾಯಿಯನ್ನು ಒತ್ತಿ ಹಿಡಿದು ಮರಿಗೆ ಮೊಲೆ ಹಿಡಿಸುವುದು. ಯಾವ ಮರಿ ಯಾವ ಕುರಿಯದು ಎಂದು ಹೇಳಬಲ್ಲವಳು ವಾದಿ ಒಬ್ಬಳೇ. ಕುರಿಯನ್ನು ಅಲುಗದಂತೆ ಹಿಡಿಯಬಲ್ಲವನು ಪ್ರತಿವಾದಿ ಒಬ್ಬನೇ. ನಾನು ಕತ್ತರಿ ಹಿಡಿದೆ. ಮಗ್ಗದ ಮನೆಯಲ್ಲಿ ಬೆಳೆದವನಿಗೆ ಅದಾದರೂ ಬರುತ್ತಿತ್ತು.

ಆ ಇಬ್ಬರೂ ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ. ಪ್ರತಿವಾದಿ ನಾಯಿಯ ಕಡೆ ನೋಡಿ ಹೇಳುತ್ತಿದ್ದ: "ಕರಿಯಾ, ಆ ಕಿವಿ ಹರದ ಕುರಿ ಹಿಂದಗಾಲು ಗಟ್ಟಿ ಹಿಡೀಬೇಕು. ಇಲ್ಲಂದ್ರ ಒದಿತೈತಿ." ವಾದಿ ಕಾಲು ಹಿಡಿದು ಕೈಯಲ್ಲಿದ್ದ ಮರಿಗೆ ಹೇಳುತ್ತಿದ್ದಳು: "ನಿಮ್ಮವ್ವನ ಕಾಲು ಹಿಡದೇನಿ, ನೀ ಸುಮ್ಮ ಕುಡಿ." ನಾಯಿ ಇಲ್ಲದಾಗ ನಾನು. "ಸಾಹೇಬ್ರ, ಆ ಹಗ್ಗ ಈ ಕಡಿ ಬರಬೇಕಂತ್ರಿ" ಎಂದು ಮೂರು ಮೊಳ ದೂರ ಕುಳಿತವಳಿಗೆ ಕೇಳುವಂತೆ ಅವನು ನನಗೆ ಹೇಳುವನು. ನಾನು ಅವಳಿಗೆ ಹೇಳುವೆನು. ಅವಳು ಹಗ್ಗ ನನಗೆ ಕೊಡುವಳು. ಒಬ್ಬರ ಮುಖ ಒಬ್ಬರು ನೋಡಲಾಗದಷ್ಟು ದ್ವೇಷ ಎಂದುಕೊಂಡೆ. ನನ್ನ ಡೈರಿಯಲ್ಲಿ 'ಪಕ್ಷಗಾರರಲ್ಲಿ ವೈರ ತೀವ್ರ, ಮಾತುಕತೆ ಸಂಪೂರ್ಣ ನಿಂತಿದೆ' ಎಂದು ಬರೆದೆ.

ಇಪ್ಪತ್ಮೂರು ಮರಿ ತಾಯಿಗೆ ಹತ್ತಿದವು. ಮೂರು ಸತ್ತವು. ಕೊನೆಯದು ನನ್ನ ತೊಡೆಯ ಮೇಲೆಯೇ ಸತ್ತಿತು. ಹಿಡಿಯಷ್ಟು ಜೀವ, ಕೊನೆಯವರೆಗೂ ಬಾಯಿ ಚೀಪುವ ಹಾಗೆ ಆಡುತ್ತಿತ್ತು. ನನಗೆ ಅಳು ಬಂತು, ಅಲ್ಲಿಯೇ ಕುಳಿತು ಅತ್ತೆ. ವಾದಿ ಮರಿಯನ್ನು ಎತ್ತಿಕೊಂಡು, "ಇನ್ನೊಮ್ಮಿ ಹಚ್ಚೂ ಮುಂಚೆ ಕೇಳ್ರಿ" ಎಂದಷ್ಟೇ ಹೇಳಿ ಹೋದಳು.

ಅಷ್ಟರಲ್ಲಿ ರೋಹಿಣಿ ಮಳೆ ಹಿಡಿಯಿತು. ಆ ವರ್ಷ ಅದು ಸುರಿದದ್ದಕ್ಕೆ ಲೆಕ್ಕವಿಲ್ಲ. ಹಿಂಡನ್ನು ಈ ಹೊಲಕ್ಕೆ ತಂದ ದಿನವೇ ಪ್ರತಿವಾದಿ ಹೇಳಿದ್ದ: "ಇದು ಎರಿ ಐತ್ರಿ. ಮಳಿ ಬಿದ್ರ ಇಲ್ಲಿ ಕುರಿ ನಿಂದ್ರಾಕ ಬರೂದಿಲ್ಲ." ಮಳೆ ಬರುವಷ್ಟರಲ್ಲಿ ಕೋರ್ಟು ತೆರೆದಿರುತ್ತದೆ ಎಂದು ನಾನು ಅವನಿಗೆ ಧೈರ್ಯ ಹೇಳಿದ್ದೆ. ಈಗ ಎರೆಮಣ್ಣು ಅಂಬಲಿಯಾಯಿತು. ಕುರಿಗಳು ಮೊಣಕಾಲುಮಟ್ಟ ಕೆಸರಿನಲ್ಲಿ ನಿಂತೇ ರಾತ್ರಿ ಕಳೆದವು. ಸುತ್ತಲಿನ ಹೊಲದವರು ಬಿತ್ತಲು ಶುರುಮಾಡಿ ಮೇಯಲು ಒಂದು ಬದುವನ್ನೂ ಬಿಡಲಿಲ್ಲ. ಮೂರನೆಯ ದಿನ ಕೆಲವು ಕುಂಟತೊಡಗಿದವು. ಪ್ರತಿವಾದಿ ಒಂದರ ಕಾಲೆತ್ತಿ ಗೊರಸಿನ ಸಂದು ಬಿಡಿಸಿ ನನ್ನ ಮೂಗಿಗೆ ಹಿಡಿದ. ಕೊಳೆತ ವಾಸನೆ ಬಂತು.

"ಇದು ಒಂದಕ್ಕ ಬಂದ್ರ ಎಲ್ಲಾದಕೂ ಬರ್ತೈತ್ರಿ. ಕಾಲು ಹ್ವಾದ ಕುರಿ ಮೇಯೂದಿಲ್ಲ. ಮೇಯದ ಕುರೀಗಿ ಹಾಲು ಇರೂದಿಲ್ಲ. ಆಮ್ಯಾಲ ಮರಿ."

"ಏನು ಮಾಡಬೇಕು?"

"ವರ್ಷಾ ಏನು ಮಾಡ್ತೀವಿ ಅದನ್ನ. ಬೀಳಗಿ ಗುಡ್ಡಕ್ಕ ಹೋಗಬೇಕ್ರಿ. ಅಲ್ಲಿ ಗರಸು ನೆಲ. ನೀರು ನಿಂದ್ರೂದಿಲ್ಲ."

ಬೀಳಗಿ ನಮ್ಮ ಕೋರ್ಟಿನ ಹದ್ದಿನಲ್ಲಿ ಬರುತ್ತಿರಲಿಲ್ಲ. ಅದು ಮೊದಲಿನಿಂದಲೂ ಇಂಗ್ರೇಜಿ ಮುಲುಕು, ನಮ್ಮದು ಸಂಸ್ಥಾನ. ಈಗ ಎರಡೂ ಒಂದೇ ಸರಕಾರವಾಗಿದ್ದರೂ ಕೋರ್ಟುಗಳ ಗಡಿ ಹಾಗೇ ಇತ್ತು. ನನಗೆ ಕೊಟ್ಟ ಆರ್ಡರಿನಲ್ಲಿ ಅಪ್ಪಣೆಯಿಲ್ಲದೆ ಹಿಂಡನ್ನು ಹದ್ದು ದಾಟಿಸಕೂಡದೆಂದು ಬರೆದಿತ್ತು. ಅಪ್ಪಣೆ ಕೊಡಬೇಕಾದ ನ್ಯಾಯಾಧೀಶರು ರಜೆಗೆ ತಮ್ಮ ಊರಿಗೆ ಹೋಗಿದ್ದರು. ವಿಜಾಪುರದ ಜಿಲ್ಲಾ ಕೋರ್ಟಿಗೆ ಅರ್ಜಿ ಬರೆದು ಬಸ್ಸಿನಲ್ಲಿ ಬೇಲಿಫನ ಕೈಯಲ್ಲಿ ಕಳಿಸಿದೆ. ಎರಡು ದಿನದ ಮೇಲೆ ಅವನು ಅರ್ಜಿ ಕೊಟ್ಟಿದ್ದಕ್ಕೆ ಪಾವತಿ ಚೀಟಿ ತಂದ, ಉತ್ತರ ತರಲಿಲ್ಲ.

ನಾನು ಯಾರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆನೋ ಆ ಹಿರಿಯ ವಕೀಲರ ಮನೆಗೆ ಹೋದೆ. ಅವರು ವೀಳ್ಯದೆಲೆಗೆ ಸುಣ್ಣ ಸವರುತ್ತ ಎಲ್ಲ ಕೇಳಿಸಿಕೊಂಡರು.

"ತಮ್ಮಾ, ಕುರಿ ಹದ್ದಿನೊಳಗ ಸತ್ರ ಅದು ಮಳಿ ತಪ್ಪು. ಹದ್ದಿನ ಹೊರಗ ಒಂದು ಕುರಿ ಕಳದ್ರ ಅದು ನಿನ್ನ ತಪ್ಪು. ಮನಿ ಬರದುಕೊಟ್ಟವ್ರು ನಿಮ್ಮಪ್ಪ. ಕೋರ್ಟು ತೆರಿಯಾಕ ಇನ್ನೂ ಹದಿನೈದು ದಿನ. ಸುಮ್ಮಕಿರು."

ಅವರು ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದ್ದರು. ಕಾನೂನಿನ ಮಟ್ಟಿಗೆ ಸರಿಯಾಗಿಯೂ ಹೇಳಿದ್ದರು. ಮನೆಗೆ ಬರುವ ದಾರಿಯಲ್ಲಿ ಮಗ್ಗದ ಸದ್ದು ಕೇಳುತ್ತ ನಡೆದೆ. ಮಳೆಗಾಲದ ತಂಪಿಗೆ ಹಾಸಿನ ಗಂಜಿ ಬೂಸ್ಟು ಹಿಡಿದರೆ ಅಪ್ಪ ಆ ಹಾಸನ್ನು ಬಿಚ್ಚಿ ಒಲೆಯ ಹತ್ತಿರ ಒಯ್ದು ಆರಿಸುತ್ತಿದ್ದರು. ಹಾಸು ಮಗ್ಗದ ಮೇಲೇ ಇರಬೇಕೆಂಬುದು ನಿಯಮ. ಕೊಳೆಯುವಾಗ ಆ ನಿಯಮ ಹಿಡಿದು ಕೂತವನನ್ನು ನಮ್ಮ ಓಣಿಯಲ್ಲಿ ಯಾರೂ ನೇಕಾರ ಎನ್ನುವುದಿಲ್ಲ. ಆ ರಾತ್ರಿ ಅಪ್ಪನಿಗೆ ಏನನ್ನೂ ಮುಚ್ಚಿಡದೆ ಹೇಳಿದೆ. "ಕೇಳಾಕ ಬಂದೀಯೋ, ಹೇಳಾಕ ಬಂದೀಯೋ?" ಎಂದರು. ಹೇಳಲಿಕ್ಕೆ ಎಂದೆ. "ಹಂಗಂದ್ರ ಛತ್ರಿ ತಗೊಂಡು ಹೋಗು" ಎಂದರು.

ಬೆಳಿಗ್ಗೆ ಇಬ್ಬರನ್ನೂ ಕೂರಿಸಿಕೊಂಡೆ. ಹದ್ದು ದಾಟಿದ ಮೇಲೆ ಪ್ರತಿವಾದಿ ಹಿಂಡು ಹೊಡೆದುಕೊಂಡು ಎತ್ತಲಾದರೂ ಹೋದರೆ ಹಿಡಿಯಲು ನನ್ನ ಹತ್ತಿರ ಪೊಲೀಸರಿಲ್ಲ, ಬೇಲಿಫನ ಕಾಲೂ ನೆಟ್ಟಗಿಲ್ಲ. ಅದನ್ನು ಮುಚ್ಚುಮರೆಯಿಲ್ಲದೆ ಹೇಳಿ, ಏನು ಭರವಸೆ ಕೊಡುತ್ತೀ ಎಂದು ಕೇಳಿದೆ. ಪ್ರತಿವಾದಿ ಸೊಂಟದ ಚೀಲದಿಂದ ಕುರಿಗಾರರ ದೇವರು ಬೀರಪ್ಪನ ಭಂಡಾರ ತೆಗೆದ. ಆ ಅರಿಶಿನಪುಡಿ ಮುಟ್ಟಿ ಸುಳ್ಳಾಡಿದ ಕುರಿಗಾರ ನಮ್ಮ ಸೀಮೆಯಲ್ಲಿ ಇಲ್ಲ.

"ಭಂಡಾರ ಬ್ಯಾಡ್ರಿ ಸಾಹೇಬ್ರ" ಎಂದು ವಾದಿ ನಡುವೆ ಬಾಯಿ ಹಾಕಿದಳು. "ಆಣಿ ಮಾಡಿಸೂವಂಥ ಮನಶಾ ಅಲ್ಲ ಅವರು. ಮರಿ ನನ್ನ ಹತ್ರ ಇರ್ಲಿ, ಸಾಕು."

"ಮರಿ ನಿನ್ನ ಹತ್ತಿರ ಇದ್ದರೆ?"

"ಕುರಿ ದಿನಾ ಮೇಯಾಕ ಹೋಗ್ತಾವು. ಮರಿ ನನ್ನ ಹಟ್ಟ್ಯಾಗ ಇರ್ತಾವು. ಹೊತ್ತು ಮುಳಗೂ ಮುಂದ ಕೆಚ್ಚಲು ಬಿಗಿತಾವು. ಯಾರು ಎತ್ತ ಹೊಡದ್ರೂ ತಿರುಗಿ ನನ್ನ ಕಡಿಗೇ ಬರ್ತಾವು."

ಒಂದು ಡಬ್ಬಿ ಬಣ್ಣ ಹಚ್ಚಿ ಮೂರು ಮರಿ ಕೊಂದು ಹಾಕಿದ ಮುದ್ರೆಗಿಂತ ಬಿಗಿಯಾದ ಮುದ್ರೆ ಮೊದಲ ದಿನದಿಂದಲೂ ತಟ್ಟುಗುದುರೆಯ ಬಲೆಚೀಲದಲ್ಲಿ ಇತ್ತು. ಕೇಳುವ ಬುದ್ಧಿ ನನಗಿರಲಿಲ್ಲ. ಆದರೆ ಆಣೆ ಮಾಡಿಸಬೇಕಾದ ಮನುಷ್ಯನಲ್ಲ ಎಂದ ಮೇಲೆ ಇವಳು ಅವನ ಮೇಲೆ ದಾವೆ ಹಾಕಿದ್ದೇಕೆ ಎಂಬುದು ಅರ್ಥವಾಗಲಿಲ್ಲ. ಕಾರಣ, ಏರ್ಪಾಡು, ಹೊರಡುವ ವೇಳೆ ಎಲ್ಲವನ್ನೂ ಬರೆದು ಒಂದು ಪ್ರತಿ ಕೋರ್ಟಿನ ಬಾಗಿಲಿಗೆ ಅಂಟಿಸಿ, ಎರಡೂ ಕಡೆಯ ವಕೀಲರ ಮನೆಗೆ ಒಂದೊಂದು ಕಳಿಸಿದೆ. ಇಬ್ಬರೂ ಆಕ್ಷೇಪ ಬರೆದು ಕಳಿಸಿದರು. ಅವನ್ನು ಕಡತಕ್ಕೆ ಸೇರಿಸಿ, ಕಡತವನ್ನು ಮೇಣಗಪ್ಪಡದಲ್ಲಿ ಸುತ್ತಿ, ಛತ್ರಿ ಹಿಡಿದು ಹಿಂಡಿನ ಹಿಂದೆ ಹೊರಟೆ.

ಐದು ದಿನದ ದಾರಿ. ಮೊದಲ ಎರಡು ದಿನ ಚಪ್ಪಲಿಗೆ ಮೆತ್ತಿಕೊಂಡ ಎರೆಮಣ್ಣು ನನಗಿಂತ ಭಾರವಾಗಿತ್ತು. ಚಪ್ಪಲಿ ಕೈಗೆ ತೆಗೆದುಕೊಂಡೆ. ಕುಂಟುವ ಕುರಿಗಳನ್ನು ಮುಂದೆ ಬಿಟ್ಟು, ಅವುಗಳ ಹೆಜ್ಜೆಗೇ ಉಳಿದವು ನಡೆಯಬೇಕು. ಸಂಜೆ ಗೊರಸು ತೊಳೆದು ಮೈಲುತುತ್ತದ ನೀರು ಹಾಕಬೇಕು. ಬರಬರುತ್ತ ಆ ಕೆಲಸ ನನ್ನದಾಯಿತು. ಮೂರನೆಯ ದಿನ ಮಧ್ಯಾಹ್ನ ಹಳೆಯ ಸಂಸ್ಥಾನದ ಗಡಿಕಲ್ಲು ಬಂತು. ನಾನು ನಿಂತು ಡೈರಿಯಲ್ಲಿ ಸಮಯ ಬರೆದುಕೊಂಡೆ. ಕುರಿಗಳು ಕಲ್ಲಿನ ಎರಡೂ ಬದಿಯ ಹುಲ್ಲು ಮೇಯ್ದು ಮುಂದೆ ಹೋದವು.

ಅಂದೇ ನನ್ನ ಜೀವ ಬಾಯಿಗೆ ಬಂದದ್ದು. ವಾದಿ ಮುಂದೆ ಹೋಗಿ ಒಂದು ಹಳ್ಳದ ಆಚೆ ದಿಬ್ಬದ ಮೇಲೆ ಮರಿಗಳನ್ನು ಇಳಿಸಿ ಹಟ್ಟಿ ಹಾಕಿದಳು. ನಾನು ಅವಳ ಜೊತೆ ಇದ್ದೆ. ಪ್ರತಿವಾದಿ ಹಿಂಡು ಮೇಯಿಸಿಕೊಂಡು ಹಿಂದಿನಿಂದ ಬರಬೇಕು. ನಾಲ್ಕು ಗಂಟೆಗೆ ದೊಡ್ಡ ಮಳೆ ಹೊಡೆದು ನಿಂತಿತು. ಐದಾಯಿತು, ಬರಲಿಲ್ಲ. ದಿಬ್ಬದ ತುದಿಗೆ ಹೋಗಿ ನೋಡಿದೆ. ದೃಷ್ಟಿ ಹೋಗುವಷ್ಟು ದೂರ ಒಂದು ಕುರಿಯಿಲ್ಲ. ಅಪ್ಪನ ನಾಲ್ಕು ಮಗ್ಗಗಳನ್ನು ಜನ ಹೊರಗೆ ಎತ್ತಿ ಹಾಕುವುದು ಕಣ್ಣಿಗೆ ಕಟ್ಟಿತು. "ಹೋದ" ಎಂದು ಬಾಯಿಬಿಟ್ಟೇ ಅಂದೆ.

ವಾದಿ ಒದ್ದೆ ಕಟ್ಟಿಗೆ ಊದುತ್ತ ಒಲೆ ಹಚ್ಚುತ್ತಿದ್ದಳು. "ಹಳ್ಳ ತುಂಬಿ ಬಂದಿರ್ತೈತ್ರಿ. ಇಳದ ಮ್ಯಾಲ ಬರ್ತಾರು" ಎಂದಳು.

"ನೀನೇ ದಾವೆ ಹಾಕಿದವಳು. ನಿನಗೇ ಭಯವಿಲ್ಲವಲ್ಲ? ಅವನಿಗೂ ನಿನಗೂ ಮಾತೇ ಇಲ್ಲ."

"ಮಾತು ಎಂದೂ ಇಲ್ಲರಿ."

"ಎಂದೂ ಅಂದರೆ?"

"ಮದುವಿ ಆಗಿ ಬಂದಾಗಿಂದ, ಹದಿನೈದು ವರ್ಷಾತು. ಗಂಡನ ಅಣ್ಣನ ಮುಂದ ಬಾಯಿ ತಗಿಯೂದು ನಮ್ಮ ಮನ್ಯಾಗ ಇಲ್ಲರಿ. ಅವರೂ ನನಗ ಮಾತಾಡ್ಸೂದಿಲ್ಲ. ಎದುರಿಗಿ ಬಂದ್ರ ಸೆರಗು ಎಳಕೊಂಡು ಸರದು ನಿಂದ್ರತೀನಿ."

"ಹದಿನೈದು ವರ್ಷ ಒಂದು ಮನೆಯಲ್ಲಿ? ಮತ್ತೆ ಹೇಗೆ ನಡೀತಿತ್ತು?"

"ನಮ್ಮವರು ಇದ್ರಲ್ಲರಿ" ಎಂದಳು. ಇನ್ನೊಂದು ಕಟ್ಟಿಗೆ ಒಲೆಗೆ ಸರಿಸಿದಳು. "ಅವರಂದಿದ್ದು ಇವರು ನನಗ ಹೇಳ್ತಿದ್ರು, ನಾನಂದಿದ್ದು ಅವರಿಗಿ ಹೇಳ್ತಿದ್ರು. ವರ್ಷಾ ಟಗರು ಸಂತಿಗಿ ಹೊಡಿಯೂ ಮುಂದ, ಅಣ್ಣ ಇಂಥಾವು ಒಯ್ಯಾಕತ್ತಾನಂತ ಹೇಳ್ತಿದ್ರು. ಈ ವರ್ಷ ಹೇಳಾಕ ಯಾರೂ ಇರಲಿಲ್ಲ. ಬೆಳಿಗ್ಗಿ ಎದ್ದು ನೋಡಿದ್ರ ಹತ್ತು ಟಗರು ಇಲ್ಲ."

"ಅದಕ್ಕೆ ದಾವೆ?"

"ಅದಕ್ಕಲ್ಲರಿ." ಅವಳು ತಗ್ಗಿದ ದನಿಯಲ್ಲಿ ಹೇಳಿದಳು. "ಬಿಳಿ ಹಣೀದು ಒಂದು ಟಗರು ಐತಿ. ಜ್ವರದಾಗ ಮಲಗಿದಾಗ ಇವರು ಅದನ್ನ ಬೀರಪ್ಪಗ ಬಿಟ್ಟಾರು. ನನ್ನ ಮುಂದಷ್ಟ ಹೇಳಿ ಹ್ವಾದ್ರು. ಮುಂದಿನ ಸಂತಿಗಿ ಅದೂ ಹ್ವಾದ್ರ? ಅದನ್ನ ಮಾರಬ್ಯಾಡ್ರಿ ಅಂತ ಅವರಿಗಿ ನಾ ಹೆಂಗ ಹೇಳ್ಲಿ? ಊರವರ ಕೈಯಾಗ ಹೇಳಿ ಕಳಿಸಿದ್ರ ಸತ್ತವರ ಮಾತು ಓಣ್ಯಾಗ ಆಡಿದಂಗ ಆಕ್ಕೈತಿ. ವಕೀಲರು ಮಾರೂದು ನಿಂದ್ರಸ್ತೀನಂದ್ರು. ಆತು ಅಂದೆ."

ಒಂದು ಟಗರಿನ ಮಾತು ಮೂರು ಮೊಳ ದಾಟಲಾರದೆ, ಮುಂಬಯಿ ಸರಕಾರದ ಕೋರ್ಟನ್ನು ಸುತ್ತಿ, ಇಷ್ಟು ದೂರ ಮಳೆಯಲ್ಲಿ ನಡೆದು ಬಂದಿತ್ತು. ಇದನ್ನು ನಾನೇ ಅವನಿಗೆ ಹೇಳಿಬಿಡುತ್ತೇನೆ ಎಂದೆ.

"ಬ್ಯಾಡ್ರಿ" ಎಂದಳು. "ನೀವು ಹೇಳಿದ್ರ ಕೋರ್ಟು ಹೇಳಿದಂಗ ಆಕ್ಕೈತಿ. ಅದು ಮನೀ ಮಾತು."

ಅಷ್ಟರಲ್ಲಿ ಮರಿಗಳೆಲ್ಲ ಒಮ್ಮೆಲೇ ಎದ್ದು ನಿಂತು ಹಳ್ಳದ ಕಡೆ ಮುಖ ಮಾಡಿದವು. ನನಗೆ ಏನೂ ಕೇಳಿಸಿರಲಿಲ್ಲ. ಸ್ವಲ್ಪ ಹೊತ್ತಿಗೆ ಗಂಟೆಯ ಸದ್ದು, ಆಮೇಲೆ ಹಿಂಡು. ನಡೆದಲ್ಲ, ಓಡಿ ಬಂತು. ಹಿಂದೆ ನಾಯಿ, ಅದರ ಹಿಂದೆ ಎದೆಮಟ್ಟ ನೆಂದ ಪ್ರತಿವಾದಿ. ಅವನು ಏದುಸಿರು ಬಿಡುತ್ತ ನನ್ನ ಮುಂದೆ ನಿಂತು ಹೇಳಿದ: "ಹಳ್ಳ ಇಳೀಲಿ ಅಂತ ಕಾದೆ. ಕುರಿ ಕಾಯಲಿಲ್ಲರಿ. ನೀರು ಮೊಣಕಾಲಿಗಿ ಬರೂದ ತಡ, ಬಿದ್ದು ದಾಟಿದ್ವು. ನಾ ಅವನ್ನ ತಂದಿಲ್ಲ, ಅವೇ ನನ್ನ ತಂದಾವು." ತಾಯಿಯೂ ಮರಿಯೂ ಹುಡುಕಾಡಿ ಕೂಡಿಕೊಳ್ಳುವ ಗದ್ದಲ ಮುಗಿಯುವವರೆಗೆ ನಾನು ಅಲ್ಲೇ ಕಲ್ಲಿನ ಮೇಲೆ ಕುಳಿತಿದ್ದೆ. ಆಮೇಲೆ ಡೈರಿ ತೆಗೆದು, ವೈರದ ಬಗ್ಗೆ ಬರೆದ ಸಾಲು ಹೊಡೆದುಹಾಕಿದೆ.

ಬೀಳಗಿಯ ಗುಡ್ಡದ ಗರಸು ನೆಲದಲ್ಲಿ ವಾರ ಕಳೆಯುವಷ್ಟರಲ್ಲಿ ಗೊರಸು ಒಣಗಿದವು. ಬಸ್ಸಿನಲ್ಲಿ ಬಂದು ಸೇರಿಕೊಂಡ ಬೇಲಿಫನನ್ನು ಹಿಂಡಿನ ಕಾವಲಿಗೆ ಬಿಟ್ಟು ಕೋರ್ಟು ತೆರೆಯುವ ದಿನ ನಾವು ಮೂವರು ಜಮಖಂಡಿಗೆ ಬಂದೆವು. ಮರಿಗಳಿಗೆ ಹಾಲು ಕುಡಿಸಲು ವಾದಿ ತನ್ನ ತಂಗಿಯನ್ನು ಕರೆಸಿಟ್ಟಿದ್ದಳು. ಕರಿ ನಾಯಿ ಮಾತ್ರ ಹಿಂದೆ ಉಳಿಯದೆ ನಮ್ಮ ಜೊತೆಯೇ ಬಂದು ಕೋರ್ಟಿನ ಪಡಸಾಲೆಯಲ್ಲಿ ಮಲಗಿತು.

ನನ್ನ ವರದಿಯನ್ನು ನ್ಯಾಯಾಧೀಶರು ಪೂರ್ತಿ ಓದಿದರು. ಬಣ್ಣ ಹಚ್ಚಿದ್ದು, ಮೂರು ಮರಿ ಸತ್ತದ್ದು, ಎರೆಹೊಲ ಆರಿಸಿದ್ದು, ಹದ್ದು ದಾಟಿದ್ದು, ಯಾವುದನ್ನೂ ನಾನು ಮೆತ್ತಗೆ ಬರೆದಿರಲಿಲ್ಲ. ಎರಡೂ ಕಡೆಯ ವಕೀಲರು ಅಪ್ಪಣೆಯಿಲ್ಲದೆ ಹದ್ದು ದಾಟಿದ ರಿಸೀವರನ ಜಾಮೀನು ಜಪ್ತಿಯಾಗಬೇಕೆಂದು ಒಂದೇ ಸ್ವರದಲ್ಲಿ ವಾದಿಸಿದರು. ಆ ದಾವೆಯಲ್ಲಿ ಅವರು ಎರಡನೆಯ ಸಲ ಒಮ್ಮತಕ್ಕೆ ಬಂದದ್ದು ಅದು.

"ಈಗ ಕುರಿ ಎಷ್ಟಿವೆ?" ಎಂದು ನ್ಯಾಯಾಧೀಶರು ನನ್ನನ್ನು ಕೇಳಿದರು.

"ಎಣಿಸಿಲ್ಲ ಸ್ವಾಮಿ. ಯಾವುದು ಇಲ್ಲವೆಂದು ಅವರನ್ನೇ ಕೇಳಬೇಕು."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಪ್ರತಿವಾದಿಯನ್ನು ಕೇಳಿದರು. "ಎಲ್ಲಾ ಅದಾವ್ರಿ, ಮೂರು ಮರಿ ಬಿಟ್ಟು" ಎಂದ. ವಾದಿಯನ್ನು ಕೇಳಿದರು. "ಮೂರು ಮರಿ ಇಲ್ಲರಿ. ಉಳದದ್ದು ಎಲ್ಲಾ ಅದಾವು" ಎಂದಳು. ನ್ಯಾಯಾಧೀಶರು ಬಣ್ಣದ ಬಗ್ಗೆ ನನಗೆ ನಾಲ್ಕು ಜನರೆದುರು ಬೈದರು. ಬೈಸಿಕೊಳ್ಳಬೇಕಾದದ್ದೇ ಅದು. ಹದ್ದು ದಾಟಿದ್ದಕ್ಕೆ ತಡವಾಗಿಯಾದರೂ ಅಪ್ಪಣೆ ಬರೆದುಕೊಟ್ಟರು. ಆಮೇಲೆ ಲೇಖನಿ ಕೆಳಗಿಟ್ಟು, "ರಿಸೀವರ್ ಇಲ್ಲದೆ ನೀವು ಹಿಂಡನ್ನು ನಡೆಸಬಲ್ಲಿರಾ?" ಎಂದು ಪಕ್ಷಗಾರರನ್ನು ಕೇಳಿದರು.

ಪ್ರತಿವಾದಿ ಪಡಸಾಲೆಯ ಕಡೆ ತಿರುಗಿ ನಾಯಿಯನ್ನು ನೋಡಿದ. ನಾಯಿ ಕಣ್ಣು ಮುಚ್ಚಿ ಮಲಗಿತ್ತು. ನನ್ನನ್ನು ನೋಡಿದ. ನಾನು ಬೇಕೆಂದೇ ಕಡತದ ದಾರ ಬಿಗಿಯುತ್ತ ತಲೆ ಎತ್ತಲಿಲ್ಲ. ಅವನು ಕಂಬಳಿ ಸರಿಮಾಡಿಕೊಂಡ. ಅರಸರ ಪಟ ಇದ್ದ ಆ ಬಿಳಿ ಚೌಕವನ್ನೇ ನೋಡುತ್ತ, ಅವಳಿಗೆ ಕೇಳುವಷ್ಟು ದನಿಯಲ್ಲಿ ಹೇಳಿದ:

"ತಂಗೀ, ಬರೂ ಅಮಾಸಿ ಸಂತಿಗಿ ಟಗರು ಹೊಡೀತೀನಿ. ಹನ್ನೆರಡು."

ವಾದಿಯ ಕೈ ತಾನಾಗಿಯೇ ಸೆರಗಿಗೆ ಹೋಗಿ ಮುಖದವರೆಗೆ ಎಳೆಯಿತು. ಅವಳು ಬಾಯಿ ತೆರೆಯುವುದಿಲ್ಲವೆಂದೇ ನನಗನಿಸಿತು. ಆಮೇಲೆ ಸೆರಗಿನ ಒಳಗಿನಿಂದ ಮಾತು ಬಂತು.

"ಹನ್ನೊಂದು ಹೊಡೀರಿ. ಬಿಳಿ ಹಣೀದು ಬ್ಯಾಡ್ರಿ. ಅದನ್ನ ನಿಮ್ಮ ತಮ್ಮ ಬೀರಪ್ಪಗ ಬಿಟ್ಟಾರು."

ಅವನು ಗೋಡೆಯ ಕಡೆಯೇ ನಿಂತಿದ್ದ. ಕಂಬಳಿಯ ತುದಿಯಿಂದ ಒಮ್ಮೆ ಮುಖ ಒರೆಸಿಕೊಂಡ.

"ಆತು" ಎಂದ.

ನ್ಯಾಯಾಧೀಶರು ಲೇಖನಿ ಎತ್ತಿಕೊಂಡು, ರಿಸೀವರನನ್ನು ಇಂದಿನಿಂದ ಕೆಲಸದಿಂದ ಬಿಡಿಸಲಾಗಿದೆ ಎಂದು ಬರೆದರು.